ಚೆಕಿಂಗ್ ಮಾಮನ ಐದು ಮತ್ತು ಐದನೇ ಒಂದು

ಚೆಕಿಂಗ್ ಮಾಮನಿಗೆ ನಂಬಿಕೆ ಎಂಬುದು ಹುಟ್ಟಿದಾಗಲೇ ಇರಲಿಲ್ಲವೋ, ಸಿಟಿ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆಯ ಕೆಲಸಕ್ಕೆ ಸೇರಿದ ಮೇಲೆ ಕಳೆದುಹೋಯಿತೋ, ಹೇಳುವುದು ಕಷ್ಟ. ಹೆಂಡತಿ ಹಾಲು ಕಾಯಿಸಿ ಕೊಟ್ಟರೆ ಮೂಸಿ ನೋಡುತ್ತಾನೆ. ಗಡಿಯಾರವನ್ನು ಕೈಗಡಿಯಾರದೊಂದಿಗೂ, ಕೈಗಡಿಯಾರವನ್ನು ಪಕ್ಕದ ಮನೆಯ ರೇಡಿಯೋದೊಂದಿಗೂ ಹೋಲಿಸಿ, ಕೊನೆಗೆ ಮೂರನ್ನೂ ನಂಬದೆ ಬಸ್ ಸ್ಟ್ಯಾಂಡಿಗೆ ಬೇಗ ಹೊರಡುತ್ತಾನೆ. ಮಳೆ ಬರುತ್ತಿದೆ ಎಂದರೆ ಕಿಟಕಿಯಿಂದ ಕೈ ಹೊರಗೆ ಚಾಚಿ, ಕೈ ಒದ್ದೆಯಾದ ಮೇಲೂ, “ಮೇಲಿನವರು ಬಟ್ಟೆ ಒಣಹಾಕಿರಬಹುದು” ಎನ್ನುತ್ತಾನೆ. ಮೇಲೆ ಯಾರ ಮನೆಯೂ ಇಲ್ಲ.

ಬಸ್ಸಿನಲ್ಲಿ ಅವನದೊಂದು ವಿಧಾನ. ಮೆಟ್ಟಿಲು ಹತ್ತುವಾಗಲೇ ಯಾರ ಬಳಿ ಟಿಕೆಟ್ ಇಲ್ಲ ಎಂದು ಮುಖ ನೋಡಿ ತೀರ್ಮಾನಿಸಿಬಿಡುತ್ತಾನೆ. ಆಮೇಲೆ ಎಲ್ಲವೂ ತಾನಾಗಿ ಕೂಡಿಬರುತ್ತದೆ. ಆ ಮನುಷ್ಯ ಕಿಟಕಿಯಾಚೆ ನೋಡಿದರೆ ಮುಖ ತಪ್ಪಿಸುತ್ತಿದ್ದಾನೆ. ಇವನನ್ನೇ ನೋಡಿದರೆ ಧೈರ್ಯ ಹೆಚ್ಚಾಗಿದೆ. ಕಣ್ಣು ಮುಚ್ಚಿದ್ದರೆ ನಾಟಕ. ಕೊನೆಗೆ ಟಿಕೆಟ್ ತೋರಿಸಿಯೇಬಿಟ್ಟರೆ, ಪರವಾಗಿಲ್ಲ, ಇವತ್ತು ಹೇಗೋ ತೆಗೆದುಕೊಂಡಿದ್ದಾನೆ, ಮನುಷ್ಯ ಮಾತ್ರ ಸರಿಯಿಲ್ಲ. ಇಂಥವನ ಮನೆಗೆ ಒಂದು ಸಂಜೆ ಮಗಳು ಪುಟ್ಟಿ ಗಣಿತದ ಉತ್ತರ ಪತ್ರಿಕೆ ಹಿಡಿದು ಅಳುತ್ತಾ ಬಂದಳು.

ಮೂರು ಅಂಕದ ಪ್ರಶ್ನೆಗೆ ಸೊನ್ನೆ ಬಿದ್ದಿತ್ತು. ಪ್ರಶ್ನೆ ಇಷ್ಟೇ: ತ್ರಿಕೋನಮಿತಿಯ ಸೆಕ್ ಮತ್ತು ಟ್ಯಾನ್‌ಗಳನ್ನು ಕೂಡಿಸಿದರೆ ಬರುವುದೂ, ಸೆಕ್‌ನಿಂದ ಟ್ಯಾನ್ ಕಳೆದರೆ ಬರುವುದೂ ಒಂದಕ್ಕೊಂದು ವ್ಯುತ್ಕ್ರಮ ಎಂದು ಸಾಧಿಸಿ. ಅಂದರೆ ಒಂದು ಐದಾದರೆ ಇನ್ನೊಂದು ಐದನೇ ಒಂದು ಆಗಬೇಕು. ಎರಡನ್ನೂ ಗುಣಿಸಿದರೆ ಸರಿಯಾಗಿ ಒಂದು ಬರಬೇಕು. ಈ ಮೂರು ಅಂಕ ಸಿಕ್ಕಿದರೆ ಪುಟ್ಟಿಗೆ ಮುಂದಿನ ವರ್ಷ ಗಣಿತದ ವಿಭಾಗ. ಸಿಗದಿದ್ದರೆ ಆ ಬಾಗಿಲು ಮುಚ್ಚಿದಂತೆಯೇ. ಹುಡುಗಿಗೆ ಗಣಿತ ಅಂದರೆ ಪ್ರಾಣ. ಬೇರೆ ಮಕ್ಕಳು ಗೋಡೆಗೆ ನಟರ ಚಿತ್ರ ಅಂಟಿಸಿದರೆ ಇವಳು ತ್ರಿಕೋನ ಅಂಟಿಸಿಕೊಂಡವಳು.

ಮಾಮ ಪತ್ರಿಕೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಹಿಂಭಾಗವನ್ನೂ ನೋಡಿದ. ಕೊನೆಯ ಸಾಲಿನಲ್ಲಿ ಈ ಕಡೆ ಒಂದು, ಆ ಕಡೆ ಒಂದು, ನಡುವೆ ಸಮ ಚಿಹ್ನೆ. ಇದರಲ್ಲಿ ಏನು ತಪ್ಪು? ಅವನ ಹುಬ್ಬು ಮೇಲೇರಿತು. ಖಾಕಿ ಕೋಟು ಬಿಚ್ಚದೆ, ಅದೇ ವೇಷದಲ್ಲಿ ಬೀದಿಯ ಕೊನೆಯಲ್ಲಿದ್ದ ಗಣಿತದ ಮೇಡಂ ಮನೆಗೆ ಹೊರಟ.

ಮೇಡಂ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಟ್ಯೂಷನ್ ಮಕ್ಕಳು ಹೋದಮೇಲೆ ಬೆಂಚುಗಳನ್ನು ಸರಿಸುತ್ತಿದ್ದರು.

“ಮೇಡಂ, ಕೊನೇ ಸಾಲು ನೋಡಿ. ಒಂದು ಅಂದ್ರೆ ಒಂದು. ಸರಿಯಾಗೇ ಇದೆ. ಸೊನ್ನೆ ಯಾಕೆ?”

“ಕೊನೇ ಸಾಲು ಸರೀನೇ ಇದೆ. ಮೊದಲನೇ ಸಾಲು ನೋಡಿ. ಯಾವುದನ್ನ ಸಾಧಿಸಬೇಕೋ ಅದನ್ನೇ ನಿಜ ಅಂತ ಬರ್ಕೊಂಡು ಹೊರಟಿದಾಳೆ. ಒಬ್ಬನನ್ನ ಕಳ್ಳ ಅಂತ ಮೊದಲೇ ತೀರ್ಮಾನ ಮಾಡಿಬಿಟ್ರೆ, ಆಮೇಲೆ ಸಿಕ್ಕಿದ್ದೆಲ್ಲ ಸಾಕ್ಷೀನೇ ಅಲ್ವಾ?”

“ಮತ್ತೆ? ಅಲ್ದೆ ಇನ್ನೇನು?” ಎಂದ ಮಾಮ, ತನ್ನ ವೃತ್ತಿಯ ಗುಟ್ಟು ಬಲ್ಲವರು ಸಿಕ್ಕ ಸಂತೋಷದಲ್ಲಿ.

ಮೇಡಂ ಅವನನ್ನು ಒಂದು ಗಳಿಗೆ ನೋಡಿದರು. “ಅಂಕಗಳು ಸೋಮವಾರ ಕಚೇರಿಗೆ ಹೋಗ್ತವೆ. ಅಷ್ಟರೊಳಗೆ ನನ್ನ ಕಣ್ಣೆದುರಿಗೆ, ಏನನ್ನೂ ಮೊದಲೇ ಒಪ್ಪಿಕೊಳ್ಳದೆ, ಸಾಧಿಸಿ ತೋರಿಸ್ಲಿ. ಮೂರಕ್ಕೆ ಮೂರು ಹಾಕ್ತೀನಿ. ನಿಮ್ಮ ಮಗಳು ಜಾಣೆ. ಅವಸರ ಜಾಸ್ತಿ, ಅಷ್ಟೆ.”

ದಾರಿಯುದ್ದಕ್ಕೂ ಮಾಮನ ತಲೆಯೊಳಗೆ ಹೊಸ ಹುಳ ಕೊರೆಯತೊಡಗಿತು. ಮಗಳ ಮೊದಲ ಸಾಲು ತಪ್ಪಂತೆ, ಕೊನೆಯ ಸಾಲು ಸರಿಯಂತೆ. ಹಾಗಾದರೆ ಮೂಲದಲ್ಲೇ ಏನೋ ಮೋಸವಿರಬೇಕು. ಆ ಸೆಕ್ಕು, ಈ ಟ್ಯಾನು ಒಂದಕ್ಕೊಂದು ತಲೆಕೆಳಗು ಎನ್ನುವುದನ್ನು ಯಾರಾದರೂ ಕಣ್ಣಾರೆ ಕಂಡಿದ್ದಾರೆಯೇ? ಪುಸ್ತಕದಲ್ಲಿ ಹಾಕಿಬಿಟ್ಟರೆ ಆಯಿತೇ? ಸುಳ್ಳನ್ನು ಸಾಧಿಸು ಎಂದು ಮಗುವಿಗೆ ಕೊಟ್ಟಿದ್ದರೆ ಮಗು ಏನು ಮಾಡೀತು?

“ಈ ಸೆಕ್ ಎಲ್ಲಿರುತ್ತೆ?” ಎಂದು ಮನೆಗೆ ಬಂದವನೇ ಕೇಳಿದ, ಸೆಕ್ ಯಾವುದೋ ಸ್ಟಾಪಿನಲ್ಲಿ ಇಳಿದು ಓಡಿಹೋದವನಂತೆ.

ಪುಟ್ಟಿ ಮೂಗು ಒರೆಸಿಕೊಂಡು ಹೇಳಿದಳು: “ಗೋಡೆಗೆ ಒಂದು ಏಣಿ ಒರಗಿಸಿದೀವಿ ಅಂದ್ಕೋ ಅಪ್ಪಾ. ಏಣಿ ಬುಡದಿಂದ ಗೋಡೆಗೆ ಎಷ್ಟು ದೂರವೋ ಅದರಿಂದ ಏಣಿ ಉದ್ದವನ್ನ ಭಾಗಿಸಿದ್ರೆ ಸೆಕ್. ಅದೇ ದೂರದಿಂದ ಗೋಡೆ ಎತ್ತರವನ್ನ ಭಾಗಿಸಿದ್ರೆ ಟ್ಯಾನ್.”

“ಅಷ್ಟೇನಾ? ಹಾಗಿದ್ರೆ ಅಳೆದೇ ನೋಡೋಣ. ಸಿಕ್ಕಿಹಾಕ್ಕೊಂಡ್ರೆ ಸಿಕ್ಕಿಹಾಕ್ಕೊಳ್ಲಿ!”

“ಅಳೆದ್ರೆ ಸಾಧಿಸಿದ ಹಾಗಲ್ಲ ಅಪ್ಪಾ…”

“ನೀನು ಸಾಧಿಸು. ನಾನು ಹಿಡೀತೀನಿ.”

ಮರುದಿನ ಬೆಳಗ್ಗೆ ಡ್ಯೂಟಿಗೆ ಮುಂಚೆ, ಖಾಕಿ ಕೋಟು ತೊಟ್ಟು, ಹೆಗಲಿಗೆ ಚರ್ಮದ ಚೀಲ ಹಾಕಿಕೊಂಡು ಮಾಮ ಅಂಗಳಕ್ಕಿಳಿದ. ಮನೆಗಳಿಗೆ ಬಣ್ಣ ಬಳಿಯುವ ಭಾವಮೈದ ತನ್ನ ಏಣಿ ಹೊತ್ತು ತಂದ. ಹೆಂಡತಿ ಬಟ್ಟೆ ಹೊಲಿದುಕೊಡುವವಳಾದ್ದರಿಂದ ಅವಳ ಟೇಪು ಇತ್ತು. ಐದಡಿ ಉದ್ದದ ಹಳದಿ ಟೇಪು. ಏಣಿಯ ಬುಡ ಜಾರದಿರಲೆಂದು, ರಸ್ತೆಯ ಗಡಿಗೆ ನಗರಸಭೆಯವರು ಹುಗಿದಿದ್ದ ಕಲ್ಲಿಗೆ ಅದನ್ನು ಆನಿಸಿದರು. ಏಣಿಯ ತುದಿ ಸರಿಯಾಗಿ ಗೋಡೆಯ ಮೇಲಂಚಿಗೆ ಮುಟ್ಟಿತು.

ಏಣಿ ಹದಿಮೂರಡಿ. ಗೋಡೆ ಹನ್ನೆರಡಡಿ. ಬುಡದ ದೂರ ಐದಡಿ, ಟೇಪು ಪೂರ್ತಿ. ಹದಿಮೂರಕ್ಕೆ ಹನ್ನೆರಡು ಕೂಡಿಸಿದರೆ ಇಪ್ಪತ್ತೈದು, ಐದರಿಂದ ಭಾಗಿಸಿದರೆ ಐದು. ಹದಿಮೂರರಿಂದ ಹನ್ನೆರಡು ಕಳೆದರೆ ಒಂದು, ಐದರಿಂದ ಭಾಗಿಸಿದರೆ ಐದನೇ ಒಂದು. ಮಾಮ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ದೊಡ್ಡದಾಗಿ 5 ಎಂದೂ, ಅದರ ಕೆಳಗೆ 1/5 ಎಂದೂ ಬರೆದು, ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿದ.

“ಭಾವ, ಪುಸ್ತಕದಲ್ಲಿರೋದು ನಿಜಾನೇ ಆಯ್ತಲ್ಲ!” ಎಂದ ಭಾವಮೈದ.

“ಒಬ್ಬ ಟಿಕೆಟ್ ತೋರಿಸಿದ ಅಂತ ಇಡೀ ಬಸ್ಸನ್ನ ಬಿಟ್ಬಿಡೋಕಾಗುತ್ತೇನೋ? ನಡಿ, ಪಕ್ಕದ ಮನೆ.”

ಪಕ್ಕದ ಮನೆ ಮೇಸ್ತ್ರಿಯದು. ಇಡೀ ಬೀದಿಯ ಮನೆಗಳನ್ನು ಕಟ್ಟಿದವನು ಅವನೇ. ಎಲ್ಲಕ್ಕೂ ಒಂದೇ ಎತ್ತರ, ಗಡಿಕಲ್ಲಿನಿಂದ ಒಂದೇ ದೂರ. ಹಾಗಾಗಿ ಮೇಸ್ತ್ರಿ ಮನೆಯಲ್ಲೂ ಐದು, ಐದನೇ ಒಂದು. ಎದುರಿನ ಅಂಗಡಿ ಅಕ್ಕನ ಮನೆಯಲ್ಲೂ ಅದೇ. ಯಾರಾದರೂ ತಲೆಯಿದ್ದವನು ಇಲ್ಲಿಗೆ ಬಿಟ್ಟುಬಿಡುತ್ತಿದ್ದ. ಚೆಕಿಂಗ್ ಮಾಮನಿಗೆ ಗುಮಾನಿ ಇಮ್ಮಡಿಯಾಯಿತು. ಬಸ್ಸಿನಲ್ಲಿ ಕೂತವರೆಲ್ಲರ ಕೈಯಲ್ಲೂ ಒಂದೇ ನಂಬರಿನ ಟಿಕೆಟ್ ಕಂಡರೆ ಯಾವ ಇನ್ಸ್‌ಪೆಕ್ಟರ್ ಸುಮ್ಮನಿದ್ದಾನು? ಬೆಳಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಎಂದು ಬೀದಿಯ ಮನೆಮನೆಗೂ ಏಣಿ ಒರಗಿತು, ಗೋಡೆಗೋಡೆಗೂ 5 ಮತ್ತು 1/5 ಬಿತ್ತು.

ಈಗ ಬೀದಿಯ ಕಡೆಗೆ ಸ್ವಲ್ಪ ತಿರುಗೋಣ. ಬೆಳಗ್ಗೆ ಎದ್ದು ಬಾಗಿಲು ತೆಗೆದರೆ ಖಾಕಿ ಕೋಟಿನ ಮನುಷ್ಯನೊಬ್ಬ ನಿಮ್ಮ ಗೋಡೆ ಅಳೆದು, ಏನೋ ಗುರುತು ಹಾಕಿ, ನಿಮ್ಮತ್ತ ಅನುಮಾನದಿಂದ ನೋಡಿ, ಮಾತಿಲ್ಲದೆ ಮುಂದಿನ ಮನೆಗೆ ಹೋದರೆ ನೀವೇನು ತಿಳಿಯುತ್ತೀರಿ? ಮಗಳ ತ್ರಿಕೋನಮಿತಿ ಎಂದು ತಿಳಿಯುತ್ತೀರಾ?

“ರಸ್ತೆ ಅಗಲ ಮಾಡ್ತಾರಂತೆ,” ಎಂದಳು ಅಂಗಡಿ ಅಕ್ಕ. ಗಡಿಕಲ್ಲಿನವರೆಗೂ ಬೆಂಚು, ಸೋಡಾ ಪೆಟ್ಟಿಗೆ ಹರಡಿಕೊಂಡಿದ್ದವಳಿಗೆ ಇಂಥ ಸುದ್ದಿ ಮೊದಲು ತಿಳಿಯುವುದು ಸಹಜ. “ಬಸ್ಸಿನಿಂದ ನಮ್ಮ ಮಾಮನ್ನ ನಗರಸಭೆಗೆ ಕರೆಸ್ಕೊಂಡಿದಾರೆ. ಐದು ಅಂದ್ರೆ ಐದಡಿ ರಸ್ತೆಗೆ. ಐದನೇ ಒಂದು ಅಂದ್ರೆ ಮನೇಲಿ ಐದನೇ ಒಂದು ಭಾಗ ಒಡೆಯೋದು.”

“ತನ್ನ ಮನೆಗೂ ಹಾಕ್ಕೊಂಡಿದಾನಲ್ಲ?” ಎಂದ ಗಿರಾಕಿಯೊಬ್ಬ.

“ಅದೇ ಕಣೋ ಬುದ್ಧಿವಂತಿಕೆ! ಅನುಮಾನ ಬರಬಾರ್ದು ಅಂತ.”

ಅಂದು ಸಂಜೆಯೊಳಗೆ ಅಂಗಡಿ ಅಕ್ಕನ ಬೆಂಚು ಒಳಗೆ ಹೋಯಿತು. ಹೂಕುಂಡಗಳು ಛಾವಣಿ ಹತ್ತಿದವು. ಒಬ್ಬರು ತಮ್ಮ ಗೋಡೆಯ ಗುರುತನ್ನು ಒರೆಸಿದರು. ಮಾಮ, “ಅಳಿಸಿಹೋಗಿದೆಯಲ್ಲ ಪಾಪ” ಎಂದು ಇನ್ನೂ ದಪ್ಪಗೆ ಬರೆದುಕೊಟ್ಟ. ಮೇಸ್ತ್ರಿ ಮಾತ್ರ ನೇರವಾಗಿ ಬಂದು, ಮಾಮನ ಹೆಗಲ ಮೇಲೆ ಕೈಹಾಕಿ, ದನಿ ತಗ್ಗಿಸಿದ.

“ಮಾಮ, ಇಷ್ಟು ವರ್ಷದ ನೆರೆಹೊರೆ. ನಂದು ಐದನೇ ಒಂದು ಅಂತ ಬರ್ದಿದೀರಿ. ಹತ್ತನೇ ಒಂದು ಮಾಡೋಕಾಗಲ್ವಾ?”

ಮಾಮ ಗಂಭೀರವಾಗಿ ಯೋಚಿಸಿದ. “ಆಗಲ್ಲ ಮೇಸ್ತ್ರಿ. ಕೆಳಗಡೆ ಹತ್ತನೇ ಒಂದು ಮಾಡಿದ್ರೆ ಮೇಲ್ಗಡೆ ಐದು ಇದ್ದದ್ದು ಹತ್ತಾಗ್ಬೇಕು.”

“ಹತ್ತಡಿ!” ಎಂದ ಮೇಸ್ತ್ರಿ. “ಬೇಡ ಬೇಡ, ಐದೇ ಇರ್ಲಿ. ಬೇರೆ ದಾರಿ ಏನೂ ಇಲ್ವಾ?”

“ಎರಡೂ ಕಡೆ ಒಂದೇ ಆಗ್ಬೇಕು ಅಂದ್ರೆ ಗೋಡೇನೇ ಇರಬಾರ್ದು. ಏಣಿ ನೆಲದ ಮೇಲೆ ಮಲಗ್ಬೇಕು. ಪುಟ್ಟಿ ಹೇಳಿದ್ಲು.”

ಗೋಡೆಯೇ ಇರಬಾರದು ಎಂಬ ಮಾತು ಕೇಳಿ ಮೇಸ್ತ್ರಿ ಕೈ ತೆಗೆದ. ಮನೆಗೆ ಹೋಗಿ ನೀರು ಕುಡಿದ. ಆಮೇಲೆ, ಈ ಮನುಷ್ಯನ ಹತ್ತಿರ ಅಧಿಕಾರದ ಕಾಗದವೇ ಇಲ್ಲದಿದ್ದರೆ, ಎಂಬ ಯೋಚನೆ ಹೊಳೆದು, ನೆಟ್ಟಗೆ ನಗರಸಭೆಯ ದಾರಿ ಹಿಡಿದ.

ಅದೇ ಸಂಜೆ ಗಣಿತದ ಮೇಡಂ ಮಾಮನ ಮನೆಗೆ ಬಂದರು. ಅವರ ಗೋಡೆಗೂ 5 ಮತ್ತು 1/5 ಬಿದ್ದಿತ್ತು. ಸೊನ್ನೆ ಹಾಕಿದ್ದಕ್ಕೆ ಈತ ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂದು ಅವರು ಮೊದಲೇ ತೀರ್ಮಾನಿಸಿಬಿಟ್ಟಿದ್ದರು. ಆಮೇಲೆ ಕಂಡದ್ದೆಲ್ಲ ಅದಕ್ಕೆ ಸರಿಯಾಗಿ ಹೊಂದಿಕೊಂಡಿತ್ತು. ಗಣಿತ ಕಲಿಸುವವರೂ ಮನುಷ್ಯರೇ ತಾನೆ. ಪುಟ್ಟಿ ಒಳಗೆ ಓದುತ್ತಿದ್ದಳು. ಮೇಡಂ ಕುರ್ಚಿಯ ತುದಿಯಲ್ಲಿ ಕೂತು ಸೆರಗಿನ ಅಂಚು ತಿರುವಿದರು.

“ನನ್ನ ಮುಂದಿನ ಕೋಣೆ ಹೋದ್ರೆ ಟ್ಯೂಷನ್ ನಿಂತ್ಹೋಗುತ್ತೆ. ನೀವು ಮನಸ್ಸು ಮಾಡಿದ್ರೆ… ಪುಟ್ಟಿಯ ಅಂಕದ ವಿಷಯ ನಾನೂ ಇನ್ನೊಂದ್ಸಲ ನೋಡ್ತೀನಿ. ಮೂರೂ ಕೊಟ್ಟುಬಿಡ್ಬಹುದು.”

ಮಾಮನ ಮುಖ ಅರಳಿತು. ಮೊದಲ ಮಾತು ಅವನಿಗೆ ಅರ್ಥವಾಗಲಿಲ್ಲ. ಎರಡನೆಯದೇ ಅವನಿಗೆ ಸಾಕಾಗಿತ್ತು. “ತಪ್ಪಾಗಿತ್ತು ಅಂತ ಒಪ್ಕೊಂಡ್ರಲ್ಲ, ಅದೇ ದೊಡ್ಡತನ ಮೇಡಂ!” ಎಂದು ಕೈಮುಗಿದು, ಅವರನ್ನು ಬಾಗಿಲವರೆಗೆ ಕಳಿಸಿ, ಒಳಗೆ ಓಡಿದ.

ಪುಟ್ಟಿ ಕುಣಿಯಲಿಲ್ಲ. ಅಪ್ಪನ ಮಗಳಲ್ಲವೇ, ಅವಳ ಹುಬ್ಬೂ ಮೇಲೇರಿತು. “ಮೊದಲನೇ ಸಾಲಿನ ಬಗ್ಗೆ ಮಿಸ್ ಏನು ಹೇಳಿದ್ರು?”

“ಸಾಲಿನ ಬಗ್ಗೆ ಏನೂ ಹೇಳ್ಲಿಲ್ಲ. ಕೋಣೆ ಬಗ್ಗೆ ಹೇಳಿದ್ರು.”

“ಯಾವ ಕೋಣೆ?”

ಮಾಮ ಹೇಳಿದ. ಹೇಳುತ್ತಾ ಹೇಳುತ್ತಾ ಅವನ ದನಿಯೇ ಸಣ್ಣಗಾಯಿತು. ಬಾಗಿಲಲ್ಲಿ ನಿಂತಿದ್ದ ಹೆಂಡತಿ, “ರೀ, ಬೀದಿಯವರೆಲ್ಲ ನಿಮ್ಮನ್ನ ಏನಂತ ತಿಳ್ಕೊಂಡಿದಾರೆ ಗೊತ್ತಾ?” ಎಂದು ಉಳಿದದ್ದನ್ನೂ ಹೇಳಿದಳು. ಬೀದಿಯ ಅರ್ಧ ಜನ ತಮ್ಮ ಬಟ್ಟೆಗಳನ್ನು ಹೊಲಿಸದೆಯೇ ವಾಪಸು ಒಯ್ದಿದ್ದರು.

“ಆ ಮೂರು ಅಂಕ ನನಗೆ ಬೇಡ,” ಎಂದಳು ಪುಟ್ಟಿ. “ಹೆದರಿ ಕೊಟ್ಟಿದ್ದು ಅದು. ನಾನು ಸಾಧಿಸ್ತೀನಿ. ಆಗ್ಲಿಲ್ಲ ಅಂದ್ರೆ ಸೊನ್ನೇನೇ ಇರ್ಲಿ.”

ಮಾಮನಿಗೆ ಅಳುವೂ ಬಂತು, ಹೆಮ್ಮೆಯೂ ಆಯಿತು. ಬಸ್ಸಿನಲ್ಲಿ ಎಷ್ಟೋ ಮಂದಿ ಮಡಿಸಿದ ನೋಟು ಚಾಚಿದ್ದರು, ಒಂದನ್ನೂ ಮುಟ್ಟಿದವನಲ್ಲ. ಮಗಳಿಗೆ ಅದನ್ನು ಯಾವತ್ತೂ ಹೇಳಿರಲಿಲ್ಲ.

ಭಾನುವಾರ ಬೆಳಗ್ಗೆ ನಗರಸಭೆಯ ಅಳತೆ ಸಾಹೇಬರು ಬಂದರು. ಹೊಟ್ಟೆ ಮುಂದೆ, ಚರ್ಮದ ಡಬ್ಬಿಯಲ್ಲಿ ಉಕ್ಕಿನ ಟೇಪು ಹಿಡಿದ ಜವಾನ ಹಿಂದೆ. ಮೇಡಂ ಮನೆಯ ಮುಂದೆ, ಇನ್ನೂ ತೆಗೆಯದಿದ್ದ ಏಣಿಯ ಬಳಿ ಮಾಮನನ್ನು ನಿಲ್ಲಿಸಿದರು. ಬೀದಿಗೆ ಬೀದಿಯೇ ಸುತ್ತ ಸೇರಿತು.

“ಇಲ್ಲಿ ಅಳತೆ ಮಾಡು ಅಂತ ನಿಮಗೆ ಯಾರು ಹೇಳಿದ್ದು?”

“ಯಾರೂ ಇಲ್ಲ ಸಾರ್.”

“ಯಾರೂ ಹೇಳ್ದೆ ಮಾಡಿದೀರಿ. ಬರ್ಕೋ,” ಎಂದರು ಸಾಹೇಬರು ಜವಾನನಿಗೆ. “ಈ ಖಾಕಿ ಯಾಕೆ?”

“ಡ್ಯೂಟಿಗೆ.”

“ಏನು ಡ್ಯೂಟಿ?”

“ತಪಾಸಣೆ.”

“ನೋಡಿದ್ರಾ, ನೋಡಿದ್ರಾ!” ಎಂದು ಮೇಸ್ತ್ರಿ ಕೂಗಿದ.

“ಎಲ್ಲ ಮನೆಗಳಲ್ಲೂ ಯಾಕೆ ಅಳೆದ್ರಿ?”

“ಒಂದ್ಕಡೆ ಸರಿ ಬಂತು ಸಾರ್. ಅದಕ್ಕೇ ಅನುಮಾನ ಬಂತು.”

ಸಾಹೇಬರು ಹಣೆ ಒರೆಸಿಕೊಂಡರು. ಮಾಮ ಆಕಡೆ ನೋಡಿದರೆ, “ಕಣ್ಣು ತಪ್ಪಿಸ್ತಿದಾನೆ” ಎಂದಳು ಅಂಗಡಿ ಅಕ್ಕ. ಈಕಡೆ ನೋಡಿದರೆ, “ಎಷ್ಟು ಧೈರ್ಯ ನೋಡಿ” ಎಂದಳು. ನೊಂದು ಕಣ್ಣು ಮುಚ್ಚಿಕೊಂಡರೆ, “ನಾಟಕ” ಎಂದಿತು ಇಡೀ ಬೀದಿ. ಜೀವಮಾನದಲ್ಲಿ ಮೊದಲ ಸಲ ಚೆಕಿಂಗ್ ಮಾಮನಿಗೆ ಬಸ್ಸಿನಲ್ಲಿ ಕೂತವರ ಕಷ್ಟ ಏನೆಂದು ತಿಳಿಯಿತು.

“ಸ್ಟೇಷನ್ನಿಗೆ ನಡೀರಿ. ಅಲ್ಲಿ ಹೇಳಿ,” ಎಂದರು ಸಾಹೇಬರು.

“ಅದು ನನ್ನ ಲೆಕ್ಕ!” ಎಂದು ಪುಟ್ಟಿ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಮೇಡಂ ಬಾಗಿಲಲ್ಲಿ ನಿಂತಿದ್ದರು. “ಮಿಸ್, ಅಪ್ಪ ಅಳೆದಿದ್ದು ನನಗೆ. ರಸ್ತೆಗಲ್ಲ. ಈಗ ಸಾಧಿಸ್ತೀನಿ, ನೋಡಿ. ಆಮೇಲೆ ನೀವೇ ಇವರಿಗೆ ಹೇಳಿ, ಇದು ಗಣಿತ ಹೌದೋ ಅಲ್ವೋ ಅಂತ.”

ಸೀಮೆಸುಣ್ಣ ಹಿಡಿದು ಮೇಡಂ ಗೋಡೆಯ ಮೇಲೆಯೇ ಬರೆದಳು. “ಗೋಡೆ ನೆಟ್ಟಗಿದೆ. ಹಾಗಾಗಿ ಏಣಿಯ ವರ್ಗದಲ್ಲಿ ಗೋಡೆಯ ವರ್ಗ ಕಳೆದ್ರೆ ಬುಡದ ದೂರದ ವರ್ಗ. ಏಣಿಗೆ ಗೋಡೆ ಕೂಡಿಸಿದ್ದನ್ನ, ಏಣಿಯಿಂದ ಗೋಡೆ ಕಳೆದಿದ್ದರ ಜೊತೆ ಗುಣಿಸಿದ್ರೂ ಅದೇ. ಎರಡನ್ನೂ ಬುಡದಿಂದ ಭಾಗಿಸಿದ್ರೆ ಒಂದು ಸೆಕ್ ಕೂಡಿಸು ಟ್ಯಾನ್, ಇನ್ನೊಂದು ಸೆಕ್ ಕಳೆ ಟ್ಯಾನ್. ಗುಣಿಸಿದ್ರೆ ಬುಡದ ವರ್ಗದ ಮೇಲೆ ಬುಡದ ವರ್ಗ. ಅಂದ್ರೆ ಒಂದು. ಇಲ್ಲಿ ಐದು, ಇಲ್ಲಿ ಐದನೇ ಒಂದು. ಯಾವ ಏಣಿ ಆದ್ರೂ, ಯಾವ ಗೋಡೆ ಆದ್ರೂ ಗುಣಿಸಿದ್ರೆ ಒಂದೇ ಬರ್ಬೇಕು.”

“ನಿಲ್ಲು ನಿಲ್ಲು,” ಎಂದರು ಸಾಹೇಬರು. ಅವರಿಗೆ ಉಳಿದದ್ದು ಅರ್ಥವಾಗಿರಲಿಲ್ಲ. ಕೊನೆಯಲ್ಲಿ ಬಂದ ಐದು ಮಾತ್ರ ಕಿವಿಗೆ ಬಿದ್ದಿತ್ತು, ಅದನ್ನೇ ಬುಡದ ದೂರ ಎಂದುಕೊಂಡಿದ್ದರು. “ಬುಡ ಎಷ್ಟು ಅಂದೆ? ಐದಾ? ಈ ಬೀದೀಲಿ ಎಲ್ಲ ಮನೆಗಳೂ ಗಡಿಕಲ್ಲಿನಿಂದ ಎಂಟಡಿ ಹಿಂದಿವೆ. ಕಾನೂನೇ ಹಾಗಿದೆ. ನಾನೇ ಅಳೆದು ಒಪ್ಪಿಗೆ ಕೊಟ್ಟಿದೀನಿ. ಹಿಡಿಯೋ ಟೇಪು!”

ಜವಾನ ಟೇಪು ಎಳೆದ. ಬುಡ ಎಂಟಡಿ. ಏಣಿ ಹದಿನಾರಡಿ. ಗೋಡೆ ಹದಿನೈದಡಿ. ಬೀದಿ ನಿಟ್ಟುಸಿರು ಬಿಟ್ಟಿತು. ಪುಟ್ಟಿ ಗೋಡೆಯ ಮೇಲೆ ಲೆಕ್ಕ ಮಾಡಿದಳು: ಹದಿನಾರಕ್ಕೆ ಹದಿನೈದು ಕೂಡಿಸಿದರೆ ಮೂವತ್ತೊಂದು, ಕಳೆದರೆ ಒಂದು; ಎರಡನ್ನೂ ಎಂಟರಿಂದ ಭಾಗಿಸಿ ಗುಣಿಸಿದರೆ ಅರವತ್ತನಾಲ್ಕರಲ್ಲಿ ಮೂವತ್ತೊಂದು. ಒಂದಲ್ಲ. ಅರ್ಧವೂ ಅಲ್ಲ. ಹುಡುಗಿ ಇನ್ನೊಮ್ಮೆ ಗುಣಿಸಿ ನೋಡಿದಳು.

“ನೋಡು ಮಗು, ನಿನ್ನ ಲೆಕ್ಕವೇ ತಪ್ಪು,” ಎಂದರು ಸಾಹೇಬರು ಮೆತ್ತಗೆ.

“ಲೆಕ್ಕ ತಪ್ಪಲ್ಲ. ಗೋಡೆ ವಾಲಿರ್ಬೇಕು, ಇಲ್ಲ ಅಳತೆ…”

“ಗೋಡೆ ವಾಲಿದ್ಯಾ?” ಮೇಸ್ತ್ರಿ ಕೆರಳಿದ. “ನನ್ನ ಗೋಡೆಗೆ ತೂಕದ ಗುಂಡು ಬಿಟ್ಟು ನೋಡಿ! ಕೂದಲೆಳೆ ಆಚೀಚೆ ಇದ್ರೆ ಕರಣೆ ಬಿಸಾಕ್ತೀನಿ!” ದಾರಕ್ಕೆ ಕಟ್ಟಿದ ಗುಂಡನ್ನು ಇಳಿಬಿಟ್ಟೂಬಿಟ್ಟ. ಗೋಡೆ ನೆಟ್ಟಗೇ ಇತ್ತು.

“ಹಾಗಿದ್ರೆ ಈ ಬಟ್ಟೆ ಹೊಲಿಯೋ ಟೇಪೇ ತಪ್ಪು,” ಎಂದರು ಸಾಹೇಬರು.

ಈ ಮಾತಿಗೆ ಮಾಮನ ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. “ಈ ಟೇಪಲ್ಲಿ ಹೊಲಿದಿದ್ದನ್ನ ಇಲ್ಲಿ ಎಷ್ಟು ಜನ ತೊಟ್ಕೊಂಡು ನಿಂತಿದೀರಿ? ಯಾರದ್ದಾದ್ರೂ ಮೂರಡಿ ಹೆಚ್ಚುಕಮ್ಮಿ ಆಗಿದ್ಯಾ?” ಎಲ್ಲರೂ ತಮ್ಮ ತಮ್ಮ ತೋಳು ನೋಡಿಕೊಂಡರು. ಅಂಗಡಿ ಅಕ್ಕ ರವಿಕೆ ಸ್ವಲ್ಪ ಬಿಗಿ ಎಂದು ಬಾಯಿ ತೆರೆದವಳು, ಅದು ಟೇಪಿನ ತಪ್ಪಲ್ಲವೆಂದು ನೆನಪಾಗಿ ಮುಚ್ಚಿದಳು.

ಅಷ್ಟರಲ್ಲಿ ಹಿಂದಿನಿಂದ ಒಂದು ದನಿ ಕೇಳಿತು. ಬಸ್ಸಿನಲ್ಲಿ ಮಲಗಿದವರನ್ನೂ ಎಬ್ಬಿಸುವ ದನಿ.

“ಸಾರ್. ಟೇಪು ತೋರಿಸಿ.”

ಸಾಹೇಬರ ಕೈ ತನ್ನಿಂದ ತಾನೇ ಜೇಬಿಗೆ ಹೋಯಿತು. ಮಾಮ ಜವಾನನ ಕೈಯಿಂದ ಉಕ್ಕಿನ ಟೇಪು ತೆಗೆದುಕೊಂಡು, ಅದರ ತುದಿಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಹಿಂಭಾಗವನ್ನೂ ನೋಡಿದ. “ಇದು ಮೂರರಿಂದ ಶುರುವಾಗುತ್ತ​ಲ್ಲ ಸಾರ್?”

“ಹೌದು, ಮೊದಲ ಮೂರಡಿ ಕಿತ್ತುಹೋಗಿ ಎಷ್ಟೋ ಕಾಲವಾಯ್ತು. ಹೊಸದು ಕೊಡಿ ಅಂತ ಮೇಲಕ್ಕೆ ಬರೀತಾನೇ ಇದೀವಿ,” ಎಂದರು ಸಾಹೇಬರು ಸ್ವಲ್ಪ ಸಿಟ್ಟಿನಿಂದ. “ಮೂರಡಿ ಹೋದ್ರೇನಂತೆ? ಮಿಕ್ಕಿದ್ದೆಲ್ಲ ಗಟ್ಟಿಮುಟ್ಟಾಗೇ ಇದೆಯಲ್ಲ!”

ಬೀದಿಯಲ್ಲಿ ನಗು ಎದ್ದಿತು. ಎದ್ದ ನಗು ಮೇಸ್ತ್ರಿಯ ಮುಖ ನೋಡಿ ಅಲ್ಲೇ ಕೂತಿತು. ಅವನು ಬೆರಳು ಮಡಿಸುತ್ತಿದ್ದ. “ಅಂದ್ರೆ ಎಂಟು ಅಂತ ನನಗೆ ಗುರುತು ಹಾಕಿಕೊಟ್ಟಿದ್ದು ಐದಾ? ಈ ಬೀದೀಲಿ ನಾನು ಕಟ್ಟಿದ್ದೆಲ್ಲ ಮೂರಡಿ ಮುಂದಕ್ಕಾ?”

ಸಾಹೇಬರಿಗೂ ಈಗ ಹೊಳೆಯಿತು. ಅವರ ಹೊಟ್ಟೆ ಒಂದು ಸುತ್ತು ಇಳಿದಂತೆ ಕಂಡಿತು. ಎಂಟಡಿಯ ಕಾನೂನು ನಿಂತರೆ ಎಲ್ಲ ಮನೆಗಳ ಮುಂದಿನ ಕೋಣೆಗಳೂ ಹೋಗಬೇಕು. ಅವರ ಕೆಲಸವೂ ಹೋಗಬಹುದು. ಅವರು ಮೇಡಂ ಕಡೆ ತಿರುಗಿ ಬೆಣ್ಣೆಯಂಥ ದನಿಯಲ್ಲಿ ಹೇಳಿದರು: “ಮೇಡಂ, ನೀವು ಓದಿದವರು. ಹುಡುಗಿ ಲೆಕ್ಕ ತಪ್ಪು ಅಂತ ಒಂದು ಮಾತು ಹೇಳಿಬಿಡಿ. ಟೇಪು ಸರಿ ಅಂತಾಗುತ್ತೆ. ಮನೆಗಳೂ ಸರಿ. ನಾನು ಹೊರಡ್ತೀನಿ.”

“ಹೇಳಿ ಮಿಸ್!” ಎಂದಳು ಅಂಗಡಿ ಅಕ್ಕ. “ಒಂದು ಹುಡುಗಿ ಲೆಕ್ಕ ತಾನೆ!” ಎಂದ ಮೇಸ್ತ್ರಿ. ಭಾವಮೈದ ಕೂಡ ಅಕ್ಕನ ಮನೆಯ ಕಡೆ ಒಮ್ಮೆ ನೋಡಿ, “ಭಾವ, ನೀವೇ ಒಂದು ಮಾತು…” ಎಂದು ಮಾಮನ ತೋಳು ಎಳೆದ.

ಮಾಮ ತನ್ನ ಮನೆಯನ್ನು ನೋಡಿದ. ಮುಂದಿನ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರವಿತ್ತು, ಪುಟ್ಟಿಯ ಮೇಜಿತ್ತು. ಕೋಣೆ ಇದ್ದದ್ದೇ ಏಳಡಿ ಅಗಲ. ಅದರಲ್ಲಿ ಮೂರಡಿ ಹೋದರೆ ಕೋಣೆ ಎಂಬುದೇ ಇರುವುದಿಲ್ಲ. ಬಾಯಿ ತೆರೆದ, ಮಗಳ ಮುಖ ಕಂಡಿತು, ಮುಚ್ಚಿದ.

ಮೇಡಂ ಗೋಡೆಯ ಹತ್ತಿರ ಬಂದರು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬೆರಳಿಟ್ಟು ಓದಿದರು. ಒಮ್ಮೆ ತಮ್ಮ ಟ್ಯೂಷನ್ ಕೋಣೆಯ ಕಿಟಕಿ ನೋಡಿದರು. ಮತ್ತೆ ಮೊದಲಿನಿಂದ ಓದಿದರು. ಅವರ ಕಣ್ಣಲ್ಲಿ ನೀರಿತ್ತು.

“ಸಾಧಿಸೋಕೆ ಮುಂಚೆ ಏನನ್ನ ನಿಜ ಅಂತ ಇಟ್ಕೊಂಡಿದೀಯ?”

“ಗೋಡೆ ನೆಟ್ಟಗಿದೆ ಅನ್ನೋದೊಂದೇ, ಮಿಸ್.”

“ಬೇರೇನೂ ಇಲ್ಲ?”

“ಇಲ್ಲ.”

ಮೇಡಂ ಅವಳ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು, ತಮ್ಮದೇ ಗೋಡೆಯ ಮೇಲೆ, ಕೊನೆಯ ಸಾಲಿನ ಪಕ್ಕದಲ್ಲಿ ಒಂದು ಸರಿ ಗುರುತು ಎಳೆದರು. “ಮೂರಕ್ಕೆ ಮೂರು,” ಎಂದು ಹೇಳಿ, ಯಾರ ಮುಖವನ್ನೂ ನೋಡದೆ, ಒಳಗೆ ಹೋಗಿ ಬೆಂಚುಗಳನ್ನು ಹಿಂದಿನ ಕೋಣೆಗೆ ಎಳೆಯತೊಡಗಿದರು.

ಜನ ಗೊಣಗುತ್ತಾ ಚದುರಿದರು. ಸಾಹೇಬರು ಟೇಪು ಸುತ್ತಿಕೊಂಡು, ಮೇಲಕ್ಕೆ ಬರೆಯುತ್ತೇನೆ, ಉತ್ತರ ಬರುವವರೆಗೆ ಯಾರೂ ಏನೂ ಒಡೆಯಬೇಡಿ ಎಂದು ಹೇಳಿ ಬೇಗ ಬೇಗ ಹೆಜ್ಜೆ ಹಾಕಿದರು. ಮಾಮ ಮನೆಗೆ ಬಂದ. ಹೆಂಡತಿ ಆಗಲೇ ಹೊಲಿಗೆ ಯಂತ್ರದ ಮೇಲಿನ ಬಟ್ಟೆಗಳನ್ನು ತೆಗೆಯುತ್ತಿದ್ದಳು. ಅವನು ಒಂದು ಕಡೆ ಹಿಡಿದ, ಅವಳು ಇನ್ನೊಂದು ಕಡೆ. ಅಡಿಗೆಮನೆಯ ಮೂಲೆಗೆ ಅದನ್ನು ಒಯ್ದು ಇಳಿಸಿದರು. ಆಮೇಲೆ ಮಗಳ ಮೇಜು.

ಪುಟ್ಟಿ ಬಾಗಿಲಲ್ಲಿ ಅಳುತ್ತಾ ನಿಂತಿದ್ದಳು. “ಅಪ್ಪಾ, ನನ್ನಿಂದ ನಿನಗೆ ಬೇಜಾರಾಯ್ತಾ?”

“ಆಗ್ದೆ ಇರುತ್ತಾ? ಮನೆ ಹೋಗ್ತಿದೆ,” ಎಂದ ಮಾಮ, ಮೇಜಿನ ಕಾಲಿಗೆ ತಾಗಿದ ಬೆರಳು ತಿಕ್ಕಿಕೊಳ್ಳುತ್ತಾ. “ಅದಕ್ಕೆ ನಾಳೆ ಅಳ್ತೀನಿ. ಇವತ್ತು ನನ್ನ ಮಗಳಿಗೆ ಮೂರಕ್ಕೆ ಮೂರು ಬಂದಿದೆ. ಸುಮ್ನೆ ಈ ಕಡೆ ಹಿಡ್ಕೋ.”